ಯಾರಾದರೂ ಬಂದು ಮುಟ್ಟುವ ತನಕ

ಜನವರಿ ೨೨, ಬುಧವಾರ

ಡಾಕ್ಟರ್ ರಂಜನಿಯವರ ಅಪ್ಪಣೆಯಾಗಿದೆ: ಸಿಟ್ಟು ಬಂದಾಗ ಬಾಯಿ ಬಿಡಬೇಡಿ, ಬರೆಯಿರಿ. ಹಾಗೆ ಮಾಡಿದರೆ ಬಿಪಿ ಇಳಿಯುತ್ತದಂತೆ. ಜೀವನವಿಡೀ ಪೈಪ್‌ಲೈನ್ ಡಿಸೈನ್ ಮಾಡಿ ಹೊಟ್ಟೆ ಹೊರೆದವನು ನಾನು. ಪ್ರೆಶರ್ ಇಳಿಸುವುದನ್ನು ನನಗೇ ಹೇಳಿಕೊಡುತ್ತಾರೆ. ಇರಲಿ, ಗುಳಿಗೆಯ ಜೊತೆಗೆ ಇದೂ ಒಂದು.

ನಿನ್ನೆ ಹೂಸ್ಟನ್‌ನಲ್ಲಿ ಹಿಮ ಬಿತ್ತು. ದ ವುಡ್‌ಲ್ಯಾಂಡ್ಸ್‌ನ ನಮ್ಮ ಬೀದಿಯವರೆಲ್ಲ ಅಡುಗೆಮನೆಯ ಟ್ರೇಗಳ ಮೇಲೆ ಕೂತು ಜಾರಿದ್ದೇ ಜಾರಿದ್ದು. ಏರ್‌ಪೋರ್ಟ್ ಬಂದ್ ಆಯಿತು. ನನಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ.

ಶುಕ್ರವಾರ ಜಾರ್ಜಿಯಾದಲ್ಲಿ ಮಗಳ ಟ್ರೇನಿಂಗ್ ಮುಗಿಯುತ್ತದೆ. ಪರೇಡ್ ಇದೆ, ತಂದೆತಾಯಿ ಬರಬೇಕಂತೆ. ಉಷಾ ವಾರದಿಂದ ಸೂಟ್‌ಕೇಸ್ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಾಳೆ, ನಾನು ಎರಡು ಸಲ ಎಡವಿದ್ದೇನೆ.

"ಇವತ್ತ ಏರ್‌ಪೋರ್ಟ್ ತೆಗದದ ಅಂತ್ರೀ," ಅಂದಳು ಬೆಳಗ್ಗೆ.

"ಅಲ್ಲೆ ಜಾರ್ಜಿಯಾದಾಗೂ ಹಿಮ ಬಿದ್ದದ."

"ಹಿಮ ಬಿದ್ರ ಮಿಲಿಟರಿಯವರು ಮನ್ಯಾಗ ಕೂಡ್ತಾರೇನ್ರೀ?"

"ನೀ ಬೇಕಾದ್ರ ಹೋಗು."

"ನಾನೊಬ್ಬಾಕಿ ಹೋಗಿ, ತನ್ವಿ 'ಅಪ್ಪ ಎಲ್ಲೆ' ಅಂದ್ರ ಏನ್ ಹೇಳ್ಲಿ?"

ಏನಾದರೂ ಹೇಳಲಿ. ನನ್ನನ್ನು ಕೇಳಿ ಸೇರಿದಳೇನು? ಧಾರವಾಡದಿಂದ ಈ ದೇಶಕ್ಕೆ ಬಂದಾಗ ಅವಳಿಗೆ ಏಳು ವರ್ಷ. ಅಂದಿನಿಂದ ಗ್ರೀನ್ ಕಾರ್ಡಿಗೆ ಕಾದೆವು, ಕಾದೆವು, ಕಾದೇ ಕಾದೆವು. ಇಪ್ಪತ್ತೊಂದು ತುಂಬುವುದರೊಳಗೆ ಬರದಿದ್ದರೆ ಮಗಳು ನಮ್ಮ ಅರ್ಜಿಯಿಂದ ಬಿದ್ದುಹೋಗುತ್ತಾಳೆಂಬ ಭಯದಲ್ಲಿ ನಾನು ಎರಡು ಒಳ್ಳೆಯ ನೌಕರಿ ಬಿಟ್ಟುಕೊಟ್ಟೆ, ಒಬ್ಬ ಕೆಟ್ಟ ಮ್ಯಾನೇಜರನನ್ನು ಹಲ್ಲು ಕಚ್ಚಿ ಸಹಿಸಿದೆ. ಹತ್ತೊಂಬತ್ತಕ್ಕೆ ಕಾರ್ಡ್ ಬಂತು. ಆ ಕಾರ್ಡ್ ಹಿಡಿದುಕೊಂಡು ಮಹಾತಾಯಿ ಮಾಡಿದ್ದೇನು? ಆಸ್ಟಿನ್‌ನಲ್ಲಿ ಮೂರನೇ ವರ್ಷದ ಎಂಜಿನಿಯರಿಂಗ್ ಬಿಟ್ಟು ಸೈನ್ಯ ಸೇರಿದಳು. ಅದರಲ್ಲೂ ಕಂಪ್ಯೂಟರ್ ಮುಂದೆ ಕೂರುವ ಕೆಲಸವಲ್ಲ. ಇನ್‌ಫ್ಯಾಂಟ್ರಿ, ಬಂದೂಕು ಹೊತ್ತು ಮಣ್ಣಲ್ಲಿ ತೆವಳುವ ದಳ.

ಕನ್ನಡ ಸಂಘದವರಿಗೆ ಇನ್ನೂ ಆಸ್ಟಿನ್‌ನಲ್ಲಿ ಓದುತ್ತಿದ್ದಾಳೆ ಎಂದೇ ಹೇಳುತ್ತಿದ್ದೇನೆ.

ಬರೆದ ಮೇಲೆ ಬಿಪಿ ನೋಡಿದೆ. ಏರಿದೆ.

ಜನವರಿ ೨೪, ಶುಕ್ರವಾರ

ಹಿಮ ಕರಗಿ ರಸ್ತೆ ಒಣಗಿದೆ. ಉಷಾ ಸೂಟ್‌ಕೇಸ್ ಬಿಚ್ಚಿ ಸೀರೆಗಳನ್ನು ವಾಪಸ್ ಕಪಾಟಿನಲ್ಲಿ ಇಟ್ಟಳು. ನನ್ನ ಜೊತೆ ಮಾತಿಲ್ಲ.

ಮಾರ್ಚ್ ೩೦, ಭಾನುವಾರ. ಯುಗಾದಿ

ಸಂಘದಲ್ಲಿ ಹಬ್ಬದ ಊಟ. ಹೋಳಿಗೆ ಪರವಾಗಿಲ್ಲ, ಮೈಸೂರಿನವರು ಮಾಡಿದ್ದು, ಹೂರಣಕ್ಕೆ ಬೆಲ್ಲ ಹಾಕುವಾಗ ಕೈ ಹಿಡಿದಿದ್ದಾರೆ.

ಊಟಕ್ಕೆ ಪಕ್ಕದಲ್ಲಿ ಬದರಿನಾಥ ಕೂತರು. ಸಂಘದ ಕಾರ್ಯದರ್ಶಿ, ಎಲ್ಲರ ಮನೆಯ ವಿಷಯವೂ ಬೇಕು ಅವರಿಗೆ. "ಮಗಳು ಹಬ್ಬಕ್ಕೂ ಬರ್ಲಿಲ್ವಾ ಭೀಮಸೇನ್ ಅವ್ರೇ?" ಅಂದರು.

"ಆಸ್ಟಿನ್ನಿನಾಗ ಪ್ರಾಜೆಕ್ಟ್ ಅದರಿ, ಭಾಳ ಬಿಜಿ."

"ನಮ್ ನಿಹಾರಿಕಾನೂ ಅಲ್ಲೇ ತಾನೇ ಇರೋದು. ಪಕ್ಕದ ಲಿಯಾಂಡರ್‌ನಲ್ಲಿ ಮನೆ ಮಾಡಿದಾಳೆ. ಇಬ್ರೂ ಚಿಕ್ಕವರಿದ್ದಾಗ ಕನ್ನಡ ಶಾಲೆಗೆ ಒಟ್ಟಿಗೆ ಹೋಗ್ತಿದ್ರು, ಜ್ಞಾಪಕ ಇದ್ಯಾ? ನಂಬರ್ ಕೊಡಿ, ಒಂದಿನ ಊಟಕ್ಕೆ ಕರೀತಾಳೆ."

ನಾನು ಮಜ್ಜಿಗೆ ತರುವ ನೆಪದಲ್ಲಿ ಎದ್ದೆ. ನಂಬರ್ ಕೊಡಲಿಲ್ಲ. ಒಂದು ಸುಳ್ಳು ಹೇಳಿದರೆ ಅದಕ್ಕೆ ದಿನಾ ನೀರು ಹಾಕುತ್ತಿರಬೇಕು.

ನಮ್ಮವಳು ಈಗ ಆಸ್ಟಿನ್‌ನಿಂದ ಉತ್ತರಕ್ಕಿರುವ ದೊಡ್ಡ ಸೈನಿಕ ನೆಲೆಯಲ್ಲಿದ್ದಾಳೆ. ಹಾಗಾಗಿ ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ದಿಕ್ಕು ಅದೇ.

ಮೇ ೧೧, ಭಾನುವಾರ

ಬಂದಿದ್ದಳು. ಒಂದೇ ದಿನ. ಗುರುವಾರ ಅವರ ತುಕಡಿ ಹೊರಡುತ್ತದೆ. ಎಲ್ಲಿಗೆ ಎಂದು ಹೇಳುವಂತಿಲ್ಲವಂತೆ. ಹೇಳದಿದ್ದರೇನು, ಟಿವಿಯಲ್ಲಿ ದಿನಾ ಯಾವ ಮರಳುಗಾಡಿನ ಮೇಲೆ ಡ್ರೋನ್ ಹಾರುತ್ತಿವೆ ಎಂದು ತೋರಿಸುತ್ತಾರಲ್ಲ.

ಉಷಾ ಅವಳಿಗಿಷ್ಟವೆಂದು ಎಣ್ಣೆಗಾಯಿ, ಜೋಳದ ರೊಟ್ಟಿ ಮಾಡಿದ್ದಳು. ನಾನು ಬೇಗ ಉಂಡು ಗರಾಜಿಗೆ ಹೋದೆ. ಅಲ್ಲಿ ನನಗೆ ಕೆಲಸವಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಳು. ಕೂದಲು ಬಿಗಿಯಾಗಿ ಕಟ್ಟಿದ್ದಳು, ಮುಖ ಬಿಸಿಲಿಗೆ ಕಪ್ಪಾಗಿತ್ತು, ಅವಳ ಅಜ್ಜಿಯ ಹಾಗೆಯೇ ಕಾಣುತ್ತಿದ್ದಳು. "ಅಪ್ಪಾ, ಐ ಲೀವ್ ಆನ್ ಥರ್ಸ್‌ಡೇ," ಅಂದಳು.

ನಾನು, "ನಿನ್ನ ಕಾರಿನ ಟೈರಿನಾಗ ಗಾಳಿ ಕಮ್ಮಿ ಅದ," ಅಂದೆ.

ಪಂಪ್ ತಂದು ನಾಲ್ಕಕ್ಕೂ ಗಾಳಿ ತುಂಬಿದೆ. ಅವಳು ತುಂಬುವ ತನಕ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಹೋದಳು. ನಿಜವಾಗಿಯೂ ಕಮ್ಮಿ ಇತ್ತು, ಸುಮ್ಮನೆ ಹೇಳಿದ್ದಲ್ಲ.

ಜೂನ್ ೧೫, ಭಾನುವಾರ

ಉಷಾ ಕಳಿಸಿದ್ದ ಡಬ್ಬಿ ಮುಟ್ಟಿದೆಯಂತೆ. ಫೋನಿನಲ್ಲಿ ತಾಯಿ ಮಗಳು ನಗುತ್ತಿದ್ದುದು ಕೇಳಿಸಿತು. ಕಡಕ್ ರೊಟ್ಟಿ ಎಲ್ಲ ನುಚ್ಚಾಗಿ ಹೋಗಿದೆ. ಅವಳ ಜೊತೆಯ ಹುಡುಗರು ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ಚಮಚೆಯಲ್ಲಿ ತಿಂದರಂತೆ.

ನನಗೆ ನಗು ಬರಲಿಲ್ಲ. ಕಡಕ್ ರೊಟ್ಟಿಯನ್ನು ಚಮಚೆಯಲ್ಲಿ ತಿನ್ನುವುದೇ? ಉಷಾ ಅದನ್ನು ಪ್ಯಾಕ್ ಮಾಡಿದ ರೀತಿ ನೋಡಿದ್ದೆ, ಸುತ್ತಲೂ ಪೇಪರ್ ತುರುಕಿ ಟೇಪ್ ಅಂಟಿಸಿದ್ದಳು. ಅದರ ಮೇಲೆ ಎಂಥ ಭಾರ ಬೀಳುತ್ತದೆ, ಎಷ್ಟು ಸಲ ಎತ್ತಿ ಒಗೆಯುತ್ತಾರೆ, ಏನೂ ಯೋಚಿಸಿಲ್ಲ. ಇದು ಶುದ್ಧ ಎಂಜಿನಿಯರಿಂಗ್ ಪ್ರಶ್ನೆ, ಬೇರೆ ಏನೂ ಅಲ್ಲ.

ಜೂನ್ ೨೧, ಶನಿವಾರ

ರೊಟ್ಟಿಗಳನ್ನು ಮಲಗಿಸಿ ಇಟ್ಟರೆ ಕೆಳಗಿನವು ಒಡೆಯುತ್ತವೆ. ನಿಲ್ಲಿಸಿದರೆ ಅಂಚು ಮುರಿಯುತ್ತದೆ. ಎರಡು ರೊಟ್ಟಿಗಳ ನಡುವೆ ಅಡುಗೆಮನೆಯ ಟಿಶ್ಯೂ, ಸುತ್ತ ಅವಲಕ್ಕಿ ಚೂಡಾದ ಚೀಲಗಳು, ಹೊರಗಡೆ ಬಿಗಿ ಮುಚ್ಚಳದ ಡಬ್ಬಿ: ಹೀಗೆ ಮಾಡಿ ಗರಾಜಿನ ಏಣಿಯ ಮೇಲಿಂದ ಕೆಳಗೆ ಬಿಟ್ಟೆ. ಒಡೆದವು. ಚೂಡಾ ಇನ್ನೂ ಗಟ್ಟಿಯಾಗಿ ತುಂಬಿ ಮತ್ತೆ ಬಿಟ್ಟೆ. ಒಂದೇ ಒಡೆಯಿತು.

ಎದುರುಮನೆಯವನು ನಾಯಿ ಹಿಡಿದುಕೊಂಡು ನಿಂತು ನೋಡಿದ. ನೋಡಲಿ.

ಉಷಾ ಹಿಟ್ಟು ಮುಗಿಯಿತೆಂದು ಬೈದಳು. ಡಲ್ಲಾಸ್ ಕಡೆ ಲಾಸ್ ಕೊಲಿನಾಸ್‌ನಲ್ಲಿ ಬುಧವಾರ ಕ್ಲೈಂಟ್ ಮೀಟಿಂಗ್ ಇದೆ. ಅಲ್ಲಿಯ ಅಂಗಡಿಯಲ್ಲಿ ಒಳ್ಳೆ ಬಿಳಿಜೋಳದ ಹಿಟ್ಟು ಸಿಗುತ್ತದೆ, ತರುತ್ತೇನೆ ಎಂದೆ. ಬಹಳ ದಿನದ ಮೇಲೆ ನನ್ನ ಮುಖ ನೋಡಿ ನಕ್ಕಳು. ಹಿಟ್ಟಿಗೆ ಇಷ್ಟು ಖುಷಿಪಡುವವಳೆಂದು ಗೊತ್ತಿರಲಿಲ್ಲ.

ಜುಲೈ ೧೨, ಶನಿವಾರ

ಇವತ್ತು ಲೊರೆಟಾ ಎಂಬಾಕೆ ಬಂದಿದ್ದರು. ನಮಗಿಂತ ಹಿರಿಯರು, ಕಪ್ಪು ಜನ, ಇಲ್ಲೇ ಪಕ್ಕದ ಕಾನ್‌ರೋ ಊರಲ್ಲಿ ಮನೆ. ಅವರ ಮೊಮ್ಮಗ ಮಾರ್ಕಸ್ ತನ್ವಿಯ ತುಕಡಿಯಲ್ಲೇ ಇದ್ದಾನೆ. ಸೈನಿಕರ ಮನೆಯವರ ಗುಂಪಿನಲ್ಲಿ ಉಷಾಗೆ ಗುರುತಾಗಿದೆ. ನನ್ನ ರೊಟ್ಟಿ ಡಬ್ಬಿಯ ಕೀರ್ತಿ ಅಲ್ಲಿಯವರೆಗೆ ಹೋಗಿ, ತಮ್ಮ ಪೀಕನ್ ಬೀಜದ ಬಿಸ್ಕತ್ತನ್ನು ಒಡೆಯದಂತೆ ಕಳಿಸುವುದು ಹೇಗೆ ಎಂದು ಕೇಳಲು ಬಂದಿದ್ದರು.

ಗರಾಜಿನಲ್ಲಿ ಕೂತು ಎಲ್ಲ ತೋರಿಸಿದೆ. ಒಳ್ಳೆಯ ವಿದ್ಯಾರ್ಥಿ. ಟೇಪ್ ಕತ್ತರಿಸುತ್ತಾ ಅವರು, "ನಿಮ್ಮ ಮಗಳನ್ನು ಮುಟ್ಟಿದವಳು ನಾನೇ, ಹೇಳಿದ್ದಾಳಲ್ಲ?" ಅಂದರು.

ಅರ್ಥವಾಗಲಿಲ್ಲ. ನನ್ನ ಮುಖ ನೋಡಿ ಅವರೇ ಬಿಡಿಸಿ ಹೇಳಿದರು. ಟ್ರೇನಿಂಗ್ ಮುಗಿದ ದಿನ ಸೈನಿಕರೆಲ್ಲ ಮೈದಾನದಲ್ಲಿ ಸೆಟೆದು ನಿಂತಿರುತ್ತಾರೆ. ಅಲುಗಾಡುವಂತಿಲ್ಲ, ತಿರುಗಿ ನೋಡುವಂತಿಲ್ಲ, ನಗುವಂತಿಲ್ಲ. ಮನೆಯವರು ಬಂದು ಭುಜ ಮುಟ್ಟಿದರೆ ಮಾತ್ರ ಬಿಡುಗಡೆ. ಯಾರಾದರೂ ಬಂದು ಮುಟ್ಟುವ ತನಕ ನಿಂತೇ ಇರಬೇಕು.

"ನಾನು ಮಾರ್ಕಸ್‌ನನ್ನು ಮುಟ್ಟಿ, ಅತ್ತು, ಫೋಟೋ ತೆಗೆಸಿಕೊಂಡು ತಿರುಗಿ ನೋಡಿದೆ. ಮೈದಾನ ಹೆಚ್ಚುಕಮ್ಮಿ ಖಾಲಿ. ಈ ಹುಡುಗಿ ಒಬ್ಬಳೇ ನಿಂತಿದ್ದಾಳೆ. ನೆಲವೆಲ್ಲ ಕರಗಿದ ಹಿಮ, ಚಳಿ ಅಂದರೆ ಚಳಿ. ಯಾರೋ ಬರುತ್ತಾರೆ ಅಂದುಕೊಂಡು ನಾನೂ ಸ್ವಲ್ಪ ಕಾದೆ. ಆಮೇಲೆ ನನ್ನ ಕೈಲಿ ಆಗಲಿಲ್ಲ, ಹೋಗಿ ಭುಜದ ಮೇಲೆ ಕೈ ಇಟ್ಟೆ. 'ಥ್ಯಾಂಕ್ ಯೂ ಮ್ಯಾಮ್, ನಮ್ಮ ತಂದೆಯ ವಿಮಾನ ರದ್ದಾಗಿದೆ, ಹಿಮ' ಅಂದಳು. ಪಾಪ, ನೀವೆಷ್ಟು ಒದ್ದಾಡಿದಿರೋ."

ನಾನು ಹೌದು ಅಂದೆ. ಏನು ಹೇಳಬೇಕಿತ್ತು?

ಅವರು ಹೋದ ಮೇಲೆ ಉಷಾಳನ್ನು ಕೇಳಿದೆ, ನಿನಗೆ ಇದು ಗೊತ್ತಿತ್ತೇ ಎಂದು. ಗೊತ್ತಿತ್ತಂತೆ. ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಿದ್ರೇನು?" ಅಂದಳು.

ಜುಲೈ ೧೩, ಭಾನುವಾರ

ಆ ದಿನ ಜಾರ್ಜಿಯಾದಲ್ಲಿ ಎಷ್ಟು ಚಳಿ ಇತ್ತೆಂದು ಹುಡುಕಿ ನೋಡಿದೆ. ನೋಡಬಾರದಿತ್ತು.

ಜುಲೈ ೧೯, ಶನಿವಾರ

ಈ ಸಲದ ಡಬ್ಬಿಗೆ ಉಷಾಗೆ ಹೇಳದೆ ಒಂದು ವಸ್ತು ಸೇರಿಸಿದ್ದೇನೆ. ದೇವರ ಮನೆಯಲ್ಲಿ ನನ್ನ ತಾಯಿ ಕೊಟ್ಟಿದ್ದ ಮೃತ್ತಿಕೆ ಇದೆ, ಮಂತ್ರಾಲಯದ ರಾಯರ ಬೃಂದಾವನದ ಮಣ್ಣು. ನಮ್ಮ ಮನೆಗಳಲ್ಲಿ ಪರೀಕ್ಷೆ ಇರಲಿ, ಪ್ರಯಾಣ ಇರಲಿ, ಜ್ವರ ಇರಲಿ, ಅದನ್ನು ಚಿಟಿಕೆಯಷ್ಟು ನೀರಲ್ಲಿ ಕದಡಿ ಕುಡಿಸುತ್ತಾರೆ. ನಾನು ದೊಡ್ಡ ಭಕ್ತನೇನಲ್ಲ. ಇದ್ದರೆ ಇರಲಿ.

ಹಾಕಲು ಚಿಕ್ಕ ಡಬ್ಬಿ ಸಿಗಲಿಲ್ಲ. ನನ್ನ ಬಿಪಿ ಗುಳಿಗೆಯ ಖಾಲಿ ಬಾಟಲಿ ಇತ್ತು. ನನ್ನ ಹೆಸರಿನ ಚೀಟಿಯನ್ನು ಚೆನ್ನಾಗಿ ಕೆರೆದು ತೆಗೆದು ಅದರಲ್ಲೇ ತುಂಬಿದೆ. ಡಬ್ಬಿಯಲ್ಲಿ ಏನೇನಿದೆ ಎಂದು ಪೋಸ್ಟಿನವರಿಗೆ ಬರೆದುಕೊಡಬೇಕು. ಮಣ್ಣು ಎಂದು ಬರೆದರೆ ನಗುತ್ತಾರೆ. ಮಸಾಲೆ ಎಂದು ಬರೆದೆ.

ಆಗಸ್ಟ್ ೧೧, ಸೋಮವಾರ. ರಾಯರ ಆರಾಧನೆ

ತನ್ವಿ ಫೋನ್ ಮಾಡಿದ್ದಳು. ನನಗೆ, ನನ್ನ ನಂಬರಿಗೇ.

"ಅಪ್ಪಾ, ನೀ ಏನ್ ಕಳಸಿದಿ?" ಅಂದಳು. ಕನ್ನಡದಲ್ಲಿ! ಹೈಸ್ಕೂಲು ಸೇರಿದ ಮೇಲೆ ಅವಳ ಬಾಯಲ್ಲಿ ನಾನು ಪೂರ್ತಿ ಕನ್ನಡ ವಾಕ್ಯ ಕೇಳಿರಲಿಲ್ಲ.

"ಯಾಕ, ಏನಾತು?"

"ಜೋರ್ ಮಾತಾಡಬ್ಯಾಡ. ನನ್ನ ಹಿಂದ ಫೋನಿಗೆ ಲೈನ್ ಹಚ್ಚ್ಯಾರ. ಕನ್ನಡಾದಾಗ ಹೇಳು, ಯಾರಿಗೂ ತಿಳಿಯಂಗಿಲ್ಲ. ಆ ಬಾಟಲಿ ಏನದು?"

"ಮೃತ್ತಿಕಾ."

"ಅದು ನನಗ ಗೊತ್ತದ, ಸಾರ್ಜೆಂಟ್‌ಗೆ ಗೊತ್ತಿಲ್ಲ! ಗುಳಿಗಿ ಬಾಟಲಿ, ಹೆಸರು ಕೆರದದ, ಒಳಗ ಬ್ರೌನ್ ಪೌಡರ್, ಮ್ಯಾಲೆ ಮಸಾಲಿ ಅಂತ ಬರದದ. ಅಪ್ಪಾ, ನೀ ಎಂಜಿನಿಯರ್ ಹೌದೋ ಅಲ್ಲೋ?"

ಅವಳ ಪಾರ್ಸೆಲ್ ಬಿಚ್ಚಿ ನೋಡಿ ಅವಳನ್ನು ಕರೆಸಿದ್ದಾರೆ. ಎಷ್ಟು ಹೇಳಿದರೂ ಸಾರ್ಜೆಂಟ್ ನಂಬಲಿಲ್ಲವಂತೆ. ಕೊನೆಗೆ ಇವಳು ಅವನ ಎದುರಿಗೇ ಒಂದು ಚಿಟಿಕೆ ನೀರಿನ ಬಾಟಲಿಗೆ ಹಾಕಿ, ಕುಲುಕಿ, ಗಟಗಟ ಕುಡಿದಳಂತೆ. ಇದು ಮಣ್ಣು, ನಮ್ಮ ಗುರುಗಳ ಸಮಾಧಿಯದು, ನಮ್ಮಪ್ಪ ಭಯವಾದಾಗ ಹೀಗೆ ಮಾಡುತ್ತಾನೆ, ಎಂದಳಂತೆ.

"ನನಗೇನು ಭಯ?" ಅಂದೆ.

"ಹೌದಪಾ, ನಿನಗೇನು ಭಯ," ಅಂದಳು.

ಆ ಸಾರ್ಜೆಂಟ್ ಸ್ಯಾನ್ ಆಂಟೋನಿಯೋದವನು. ತನ್ನ ಅಜ್ಜಿಯೂ ನ್ಯೂ ಮೆಕ್ಸಿಕೋದ ಒಂದು ಚರ್ಚಿನ ಮಣ್ಣನ್ನು ತಲೆದಿಂಬಿನ ಹತ್ತಿರ ಇಟ್ಟುಕೊಳ್ಳುತ್ತಿದ್ದಳು ಅಂದನಂತೆ. ಇನ್ನೊಮ್ಮೆ ಹೀಗೆ ಬಂದರೆ ನಿನ್ನ ಪಾರ್ಸೆಲ್ಲೇ ಬಂದ್ ಎಂದು ಬೈದು, ಬಾಟಲಿ ವಾಪಸ್ ಕೊಟ್ಟ. ಕೊಡುವ ಮುಂಚೆ ಒಂದು ಚಿಟಿಕೆ ತನಗೂ ತೆಗೆದುಕೊಂಡನಂತೆ.

ಆಮೇಲೆ ಬಿಸಿಲು ಹೇಗಿದೆ, ಕಾವಲು ಗೋಪುರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ನಿದ್ದೆ ಬರುತ್ತದೆಯೇ, ಇದೆಲ್ಲ ಕೇಳಿದೆ. ಎಲ್ಲದಕ್ಕೂ ಉತ್ತರ ಹೇಳಿದಳು. ಬಂದೂಕಿಗಿಂತ ಮೈಮೇಲಿನ ಕವಚವೇ ಭಾರವಂತೆ. ರಾತ್ರಿ ಮಾತ್ರ ಆಕಾಶ ಚೆಂದವಂತೆ. ಜನವರಿಯ ಮಾತು ನನ್ನ ಗಂಟಲಿನ ತನಕ ಬಂತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವಸರ ಮಾಡಿದರು, ಇಟ್ಟುಬಿಟ್ಟಳು.

ರೊಟ್ಟಿ ಒಂದೂ ಒಡೆದಿರಲಿಲ್ಲವಂತೆ.

ಸೆಪ್ಟೆಂಬರ್ ೧೮, ಗುರುವಾರ

ಬೆಳಗಿನ ಸುದ್ದಿ: ನೆಲೆಯೊಂದರ ಮೇಲೆ ಡ್ರೋನ್ ದಾಳಿ. ಯಾವ ನೆಲೆ ಎಂದು ಹೇಳಲಿಲ್ಲ. ತನ್ವಿಗೆ ಮೆಸೇಜ್ ಹಾಕಿದೆ. ಒಂದೇ ಟಿಕ್.

ಲೊರೆಟಾಗೆ ಫೋನ್ ಮಾಡಿದೆ. ಮಾರ್ಕಸ್‌ನದೂ ಹಾಗೇ. ಅವರ ಗಂಡನೂ ಸೈನ್ಯದಲ್ಲಿದ್ದವರು, ಅವರಿಗೆ ಪದ್ಧತಿ ಗೊತ್ತು. ಯಾರಿಗಾದರೂ ಏನಾದರೂ ಆದರೆ ಇಡೀ ನೆಲೆಯ ಫೋನು, ಇಂಟರ್‌ನೆಟ್ ಕಡಿಯುತ್ತಾರೆ. ಮನೆಯವರಿಗೆ ಮೊದಲು ಸುದ್ದಿ ಮುಟ್ಟಬೇಕು, ಆಮೇಲೆ ಉಳಿದವರಿಗೆ ಮಾತು. ಸುದ್ದಿ ಫೋನಿನಲ್ಲಿ ಬರುವುದಿಲ್ಲ. ಸಮವಸ್ತ್ರದವರು ಇಬ್ಬರು ಕಾರಿನಲ್ಲಿ ಬರುತ್ತಾರೆ.

ಸೆಪ್ಟೆಂಬರ್ ೧೯, ಶುಕ್ರವಾರ

ಒಂದೇ ಟಿಕ್.

ಆಫೀಸಿಗೆ ಹೋಗಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡಿದ್ದೇನೆ. ಅಮೆಜಾನ್ ವ್ಯಾನ್, ಹುಲ್ಲು ಕತ್ತರಿಸುವವರ ಟ್ರಕ್, ಮತ್ತೆ ಅಮೆಜಾನ್. ಉಷಾ ದೇವರ ಮನೆಯಲ್ಲಿ. ಇಬ್ಬರಿಗೂ ಊಟ ಬೇಡವಾಗಿದೆ.

ರಾಯರೇ, ನನಗೆ ಅವಳ ಹತ್ತಿರ ಒಂದು ಮಾತು ಆಡುವುದಿದೆ.

ಸೆಪ್ಟೆಂಬರ್ ೨೦, ಶನಿವಾರ

ಮಧ್ಯಾಹ್ನ ಒಂದು ಕಪ್ಪು ಕಾರು ನಮ್ಮ ಮನೆ ಮುಂದೆ ನಿಂತಿತು. ಇಬ್ಬರು ಇಳಿದರು. ಬಿಸಿಲಿಗೆ ಮುಖ ಕಾಣಲಿಲ್ಲ. ಕರೆಗಂಟೆ ಸದ್ದಾಯಿತು. ಬಾಗಿಲ ತನಕ ಹೇಗೆ ಹೋದೆನೋ ಗೊತ್ತಿಲ್ಲ. ತೆಗೆದರೆ ಬದರಿನಾಥ, ಜೊತೆಗೆ ಮಗಳು ನಿಹಾರಿಕಾ, ಕೈಯಲ್ಲಿ ಕುಂಕುಮದ ತಟ್ಟೆ. ದಸರಾ ಗೊಂಬೆ ನೋಡಲು ಕರೆಯಲು ಬಂದಿದ್ದಾರೆ.

ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಅಳು ಬಂತು. ಬದರಿನಾಥ ಗಾಬರಿಯಿಂದ ತೋಳು ಹಿಡಿದು, "ಏನಾಯ್ತು? ಆಂಬುಲೆನ್ಸ್ ಕರೀಲಾ?" ಅಂದರು.

"ತನ್ವಿ ಆಸ್ಟಿನ್ನಿನಾಗ ಇಲ್ರಿ," ಅಂದೆ. "ಸೈನ್ಯದಾಗ ಇದ್ದಾಳ. ಅಲ್ಲೆ ದಾಳಿ ಆಗೇದ. ಮೂರು ದಿನಾತು, ಸುದ್ದಿ ಇಲ್ಲ."

ಅವರು ನನ್ನ ಪಕ್ಕದಲ್ಲಿ ಹೊಸ್ತಿಲ ಮೇಲೆಯೇ ಕೂತರು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?"

"ನೀವೆಲ್ಲ ಏನಂತೀರೋ ಅಂತ."

"ಏನ್ ಅಂತಿದ್ವಿ?"

ಯೋಚಿಸಿದೆ. "ಗೊತ್ತಿಲ್ರಿ," ಅಂದೆ.

ಆಗ ನಿಹಾರಿಕಾ ಹೇಳಿದಳು: "ಅಂಕಲ್, ನಂಗೆ ಗೊತ್ತಿತ್ತು. ತನ್ವಿನೇ ಹೇಳಿದ್ಲು, ಸೇರಿದ್ಮೇಲೆ. ಯಾರಿಗೂ ಹೇಳ್ಬೇಡ ಅಂದಿದ್ಲು. ನೀವು ಎಲ್ಲರ ಹತ್ರ ಬೇರೆ ಹೇಳಿದೀರಲ್ಲ, ನಿಮ್ಗೆ ಅವಮಾನ ಆಗ್ಬಾರ್ದು ಅಂತ."

ನನ್ನ ಸುಳ್ಳಿಗೆ ಅವಳೂ ನೀರು ಹಾಕಿದ್ದಾಳೆ, ನನಗೆ ಗೊತ್ತಿಲ್ಲದ ಹಾಗೆ. ನನ್ನ ಮಗಳು. ನಾನು ಅವಳಿಗೆ ಏನು ಮಾಡಿದೆ? ಟೈರಿಗೆ ಗಾಳಿ ತುಂಬಿದೆ.

ನಿಹಾರಿಕಾ ಅಡುಗೆಮನೆಗೆ ಹೋಗಿ ಅನ್ನ ಸಾರು ಮಾಡಿದಳು. ನಾನು ಕಿಟಕಿ ಬಿಟ್ಟು ಏಳಲಿಲ್ಲ. ಬದರಿನಾಥ ನನ್ನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ತಾವು ಕೂತರು. "ಹೋಗಿ ಊಟ ಮಾಡಿ. ರಸ್ತೆ ನಾನು ನೋಡ್ತಿರ್ತೀನಿ," ಅಂದರು. ಈ ಮನುಷ್ಯನಿಂದ ನಾನು ಮಜ್ಜಿಗೆಯ ನೆಪ ಹೇಳಿ ಓಡಿಹೋಗಿದ್ದೆ.

ಸೆಪ್ಟೆಂಬರ್ ೨೧, ಭಾನುವಾರ

ಇದ್ದಾಳೆ.

ಇದ್ದಾಳೆ. ತನ್ವಿ ಇದ್ದಾಳೆ. ಫೋನ್ ಮಾಡಿದಳು, "ಅಪ್ಪಾ, ನಾ ಆರಾಮ ಇದ್ದೀನಿ" ಅಂದಳು. ಉಷಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಆಮೇಲೆ ಬರೆಯುತ್ತೇನೆ.

ಸೆಪ್ಟೆಂಬರ್ ೨೪, ಬುಧವಾರ

ಮಾರ್ಕಸ್‌ನ ತೊಡೆಗೆ ಬಾಂಬಿನ ಚೂರು ಹೊಕ್ಕಿದೆ. ಜರ್ಮನಿಯ ಆಸ್ಪತ್ರೆಯಲ್ಲಿದ್ದಾನೆ, ಕಾಲು ಉಳಿಯುತ್ತದಂತೆ. ಲೊರೆಟಾ ಬಂದು ಹೇಳಿದರು. ರಕ್ತ ನಿಲ್ಲುವ ತನಕ ಅವನ ತೊಡೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದವಳು ತನ್ವಿಯಂತೆ. ಡಾಕ್ಟರ್ ಬಂದ ಮೇಲೂ ಬಿಡಲಿಲ್ಲವಂತೆ, ಕೈ ಬಿಡಿಸಬೇಕಾಯಿತಂತೆ. ಇದೆಲ್ಲ ನಮಗೆ ಅವಳು ಹೇಳಿರಲಿಲ್ಲ.

ಲೊರೆಟಾ ನನ್ನ ಎರಡೂ ಕೈ ಹಿಡಿದುಕೊಂಡರು. ಆಗ ಅವರಿಗೆ ಹೇಳಿದೆ, ಅಂದು ವಿಮಾನ ರದ್ದಾಗಿರಲಿಲ್ಲ ಎಂದು. ಅವರು ತಲೆಯಾಡಿಸಿ, "ಗೊತ್ತು. ನಾನೂ ಆ ವಾರ ಹೂಸ್ಟನ್‌ನಿಂದಲೇ ವಿಮಾನ ಹತ್ತಿದ್ದೆನಲ್ಲ," ಅಂದರು.

ನವೆಂಬರ್ ೧, ಶನಿವಾರ. ರಾಜ್ಯೋತ್ಸವ

ಸಂಘದಲ್ಲಿ ಇವತ್ತು ಸೈನಿಕರಿಗೆ ಕಳಿಸುವ ಡಬ್ಬಿ ತುಂಬುವ ಕಾರ್ಯಕ್ರಮ. ಬದರಿನಾಥರ ಐಡಿಯಾ. ಚಕ್ಕುಲಿ, ಕೋಡುಬಳೆ, ಉಡುಪಿ ಕಡೆಯವರ ಹಪ್ಪಳ, ಇನ್ಯಾರದೋ ಮೈಸೂರ್ ಪಾಕ್ (ಅದಕ್ಕೆ ಪ್ಯಾಕಿಂಗ್ ಬೇಡ, ಡ್ರೋನ್ ಬಿದ್ದರೂ ಒಡೆಯುವುದಿಲ್ಲ). ನಾನು ಮೈಕ್ ಹಿಡಿದು ರೊಟ್ಟಿ ಜೋಡಿಸುವುದನ್ನು ತೋರಿಸಿದೆ. ಏಣಿ ತಂದಿದ್ದೆ. ಮಕ್ಕಳು ಸಾಲಾಗಿ ಬಂದು ಡಬ್ಬಿ ಬೀಳಿಸಿ ನೋಡಿದರು. ಒಂದೂ ಒಡೆಯಲಿಲ್ಲ. ಚಪ್ಪಾಳೆ.

ಒಬ್ಬಾಕೆ ಬಂದು, "ಹುಡ್ಗಿ ಮದ್ವೆಗೆ ಕಷ್ಟ ಆಗಲ್ವಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಉಷಾ, "ಆಕಿ ಬಾಂಬ್ ಬಿದ್ದಲ್ಲೆ ನಿಂತಾಕಿರಿ, ಮದುವಿಗೆ ಅಂಜ್ತಾಳೇನು?" ಅಂದಳು. ಬರೆಯದೇ ಬಿಪಿ ಇಳಿಯಿತು.

ಸೈನ್ಯದಲ್ಲಿದ್ದವರಿಗೆ ಪೌರತ್ವ ಬೇಗ ಸಿಗುತ್ತದಂತೆ. ಹಾಗಾಗಿ ನಮಗಿಂತ ಮೊದಲು ತನುವೇ ಈ ದೇಶದವಳಾಗುತ್ತಾಳೆ. ನಾನು ಅವಳನ್ನು ಇಲ್ಲಿ ಉಳಿಸಲು ಒದ್ದಾಡಿದೆ, ಈಗ ಅವಳೇ ನಮ್ಮನ್ನು ಇಟ್ಟುಕೊಳ್ಳಬೇಕು.

ಫೆಬ್ರವರಿ ೧೨, ಗುರುವಾರ

ನಾಳೆ ಬರುತ್ತಾಳೆ. ಇವತ್ತು ಮಧ್ಯಾಹ್ನವೇ ಬಂದು ಲಿಯಾಂಡರ್‌ನಲ್ಲಿ ನಿಹಾರಿಕಾಳ ಮನೆಯಲ್ಲಿ ಇಳಿದಿದ್ದೇವೆ. ಇಲ್ಲಿಂದ ನೆಲೆ ಹತ್ತಿರ. ತುಕಡಿಯ ಸ್ವಾಗತ ಸಮಾರಂಭ ಮಧ್ಯಾಹ್ನಕ್ಕೆ, ಬೆಳಗಾಗುತ್ತಲೇ ಹೊರಡಬೇಕೆಂದೆ. ಅಷ್ಟು ಬೇಗ ಹೋಗಿ ಏನು ಮಾಡುತ್ತೀರಿ ಎಂದು ಎಲ್ಲರೂ ನಗುತ್ತಾರೆ. ಹವಾಮಾನ ನೋಡಿದೆ. ಬಿಸಿಲು. ಹಿಮ ಬಂದರೂ ನಡೆದುಕೊಂಡೇ ಹೋಗುತ್ತಿದ್ದೆ.

ಉಷಾಳ ಸೂಟ್‌ಕೇಸ್ ಇವತ್ತೂ ಬಾಗಿಲ ಹತ್ತಿರ ಇದೆ. ಅದೇ ಸೀರೆಗಳು.

ಫೆಬ್ರವರಿ ೧೪, ಶನಿವಾರ

ತನು ಒಳಗೆ ಮಲಗಿದ್ದಾಳೆ. ಬೂಟುಗಳು ಗರಾಜಿನಲ್ಲಿವೆ, ಇನ್ನೂ ಮರಳು ಇದೆ. ಉಷಾ ತೊಳೆಯಲು ಹೋದಳು, ಬೇಡ ಅಂದೆ. ನಿನ್ನೆಯದನ್ನು ಈಗಲೇ ಬರೆದಿಡುತ್ತೇನೆ.

ನೆಲೆಯ ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮನ್ನೆಲ್ಲ ಮೆಟ್ಟಿಲುಗಳ ಮೇಲೆ ಕೂರಿಸಿದ್ದರು. ಎಲ್ಲರ ಕೈಯಲ್ಲೂ ಬಾವುಟ, ಬಲೂನು, ಬೋರ್ಡು. ಲೊರೆಟಾ ನಮ್ಮ ಪಕ್ಕದಲ್ಲಿ, ಅವರ ಪಕ್ಕ ಊರುಗೋಲು ಹಿಡಿದ ಮಾರ್ಕಸ್. ಬಾಗಿಲು ತೆರೆಯಿತು, ವಾದ್ಯ ಮೊಳಗಿತು, ಸೈನಿಕರು ಸಾಲಾಗಿ ನಡೆದು ಬಂದು ನಿಂತರು. ಒಂದೇ ಬಣ್ಣ, ಒಂದೇ ಟೋಪಿ. ಉಷಾ ತಕ್ಷಣ ಗುರುತಿಸಿದಳು: "ಎರಡನೇ ಸಾಲು, ಕಡೀಗೆ." ನನ್ನ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ.

ಅಧಿಕಾರಿ ಪುಣ್ಯಾತ್ಮ ಎರಡೇ ಮಾತಲ್ಲಿ ಭಾಷಣ ಮುಗಿಸಿದ. ಬಿಡುಗಡೆ ಎಂದು ಕೂಗಿದ್ದೇ ತಡ, ಸಾಲುಗಳೆಲ್ಲ ಒಡೆದುಹೋದವು. ಹೆಂಡತಿಯರು, ಮಕ್ಕಳು, ಯಾರದೋ ನಾಯಿ, ಎಲ್ಲರೂ ಓಡಿದರು. ಅವರೂ ಇತ್ತ ಓಡಿ ಬಂದರು. ಎತ್ತಿಕೊಳ್ಳುವುದೇನು, ಮುದ್ದಿಡುವುದೇನು.

ತನು ಮಾತ್ರ ಓಡಿ ಬರಲಿಲ್ಲ. ನಿಂತ ಜಾಗದಲ್ಲೇ ನಿಂತಿದ್ದಳು. ನೆಟ್ಟಗೆ, ಕೈ ಎರಡೂ ಪಕ್ಕಕ್ಕೆ, ನೋಟ ನೇರ ಮುಂದೆ. ಅವಳ ಸುತ್ತ ಜನ ತಬ್ಬಿಕೊಂಡು ಅಳುತ್ತಿದ್ದರು. ಬಿಡುಗಡೆ ಕೊಟ್ಟದ್ದು ಇವಳಿಗೆ ಕೇಳಿಸಲಿಲ್ಲವೇ? ಮೈಗೇನಾದರೂ ಆಗಿದೆಯೇ? ಉಷಾ ಓಡಲು ಹೊರಟವಳು ಎರಡು ಹೆಜ್ಜೆಗೆ ನಿಂತಳು. ತಿರುಗಿ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ದೂಡಿದಳು.

"ನೀವು ಹೋಗ್ರೀ," ಅಂದಳು.

ಆಗ ತಿಳಿಯಿತು.

ಜನರನ್ನು ಸರಿಸಿಕೊಂಡು ಹೋದೆ. ಯಾರದೋ ಬಲೂನು ಮುಖಕ್ಕೆ ಬಡಿಯಿತು. ಅವಳ ಎದುರಿಗೆ ಹೋಗಿ ನಿಂತೆ. ಕಣ್ಣರೆಪ್ಪೆ ಕೂಡ ಅಲುಗಲಿಲ್ಲ. ಗದ್ದದ ಹತ್ತಿರ ಒಂದು ಹೊಸ ಗಾಯದ ಕಲೆ ಇತ್ತು. ವರ್ಷದಿಂದ ಕೂಡಿಟ್ಟುಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಸುಮ್ಮನೆ ನೋಡುತ್ತಾ ನಿಂತುಬಿಟ್ಟೆ.

ಅವಳು ನೋಟ ಕದಲಿಸದೆ, ತುಟಿ ಕೂಡ ಅಲುಗಿಸದೆ, ಮೆಲ್ಲಗೆ ಅಂದಳು: "ಅಪ್ಪಾ, ಇನ್ನೂ ಎಷ್ಟೊತ್ತು ನಿಂದ್ರಸ್ತೀ?"

ನಾನು ಅವಳ ಭುಜದ ಮೇಲೆ ಕೈ ಇಟ್ಟೆ.